ವೆಬ್ ಟೆಲಿಸ್ಕೋಪಿನ ಡೇಟಾ ಕ್ಯಾಲಿಬ್ರೇಶನ್: ಪದೇ ಪದೇ ಕೇಳುವ ಪ್ರಶ್ನೆಗಳು

ಜೇಮ್ಸ್ ವೆಬ್ ಟೆಲಿಸ್ಕೋಪಿನ ಡೇಟಾವನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಅದನ್ನು ಸರಿಪಡಿಸುವ ಸಾಫ್ಟ್‌ವೇರ್ ಕೂಡ ಪುಕ್ಕಟೆ. ಆದರೂ ಮೊದಲ ಸಲ ಕೈ ಹಾಕಿದವರು ಫೈಲ್ ಹೆಸರು ನೋಡಿಯೇ ಹೆದರುತ್ತಾರೆ. ಎಂಎಸ್‌ಸಿ ಪ್ರಾಜೆಕ್ಟ್ ಮಾಡುವವರು, ಆಕಾಶದ ಫೋಟೋಗಳ ಹುಚ್ಚಿರುವವರು, ಪೈಥಾನ್ ಕಲಿತು ಖಗೋಳದ ಕಡೆ ಬಂದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಹಬಲ್ ಮತ್ತು ನಮ್ಮ ಇಸ್ರೋದ ಆಸ್ಟ್ರೋಸ್ಯಾಟ್ ಉಪಗ್ರಹದ ಬಗ್ಗೆಯೂ ಕೊನೆಯ ಕಡೆ ಇದೆ.

ಟೆಲಿಸ್ಕೋಪ್ ಕಳಿಸುವುದು ಫೋಟೋನೇ ಅಲ್ವಾ? ಅದಕ್ಕೆ ಕ್ಯಾಲಿಬ್ರೇಶನ್ ಯಾಕೆ?

ಅದು ಕಳಿಸುವುದು ಬರೀ ಅಂಕಿಗಳು. ಪ್ರತಿ ಪಿಕ್ಸೆಲ್‌ಗೆ 0ಯಿಂದ 65,535ರ ಒಳಗಿನ ಒಂದು ಸಂಖ್ಯೆ. ಅದರಲ್ಲಿ ನಕ್ಷತ್ರದ ಬೆಳಕು ಒಂದು ಪಾಲು ಮಾತ್ರ. ಎಲೆಕ್ಟ್ರಾನಿಕ್ಸ್ ತಾನಾಗಿ ಸೇರಿಸಿದ ಮೊತ್ತ, ಬೆಳಕೇ ಇಲ್ಲದಾಗಲೂ ಡಿಟೆಕ್ಟರ್‌ನಲ್ಲಿ ಹುಟ್ಟುವ ಸಿಗ್ನಲ್, ಕಾಸ್ಮಿಕ್ ಕಿರಣ ಬಡಿದ ಗುರುತು ಎಲ್ಲವೂ ಅದರಲ್ಲೇ ಕಲೆತಿರುತ್ತವೆ. ಅಕ್ಕಪಕ್ಕದ ಎರಡು ಪಿಕ್ಸೆಲ್‌ಗಳ ಮೇಲೆ ಒಂದೇ ಪ್ರಮಾಣದ ಬೆಳಕು ಬಿದ್ದರೂ ಸಂಖ್ಯೆ ಒಂದೇ ಬರುವುದಿಲ್ಲ.

ನಮಗೆ ಬೇಕಾದದ್ದು ಬೇರೆ. ಆಕಾಶದ ಈ ಜಾಗದಿಂದ ಇಷ್ಟು ಬೆಳಕು ಬರುತ್ತಿದೆ, ಲೆಕ್ಕದಲ್ಲಿ ಇಷ್ಟು ಅನುಮಾನವಿದೆ ಅಂತ ಹೇಳಬೇಕು. ವೆಬ್ ಡೇಟಾದಲ್ಲಿ ಅದನ್ನು ಪ್ರತಿ ಸ್ಟೆರೇಡಿಯನ್‌ಗೆ (ಆಕಾಶದ ಹರವಿನ ಅಳತೆ) ಇಷ್ಟು ಮೆಗಾಜಾನ್ಸ್ಕಿ (ಬರುವ ಬೆಳಕಿನ ಅಳತೆ) ಎಂದು ಕೊಡುತ್ತಾರೆ. ಆ ಹಸಿ ಸಂಖ್ಯೆಯಿಂದ ಇಲ್ಲಿಗೆ ಬರುವ ದಾರಿಯೇ ಕ್ಯಾಲಿಬ್ರೇಶನ್.

ನೆಲದ ಮೇಲಿನ ಟೆಲಿಸ್ಕೋಪ್ ಆಗಿದ್ದರೆ ಉಪಕರಣವನ್ನು ಬಿಚ್ಚಿ ನೋಡಬಹುದಿತ್ತು. ವೆಬ್ ಇರುವುದು 15 ಲಕ್ಷ ಕಿಲೋಮೀಟರ್ ದೂರದಲ್ಲಿ. 2021ರ ಡಿಸೆಂಬರ್ 25ರಂದು ಹಾರಿದ ಮೇಲೆ ಅದನ್ನು ಯಾರೂ ಮುಟ್ಟಿಲ್ಲ. ಉಪಕರಣದ ದೋಷ ಏನೇ ಇದ್ದರೂ ಅದನ್ನು ಅಳೆದು, ಲೆಕ್ಕದಲ್ಲಿ ಕಳೆಯುವುದೊಂದೇ ದಾರಿ.

ಯಾವ ಸಾಫ್ಟ್‌ವೇರ್? ಯಾರು ಮಾಡಿದ್ದು?

ಅಮೆರಿಕದ ಬಾಲ್ಟಿಮೋರ್‌ನಲ್ಲಿರುವ ಸ್ಪೇಸ್ ಟೆಲಿಸ್ಕೋಪ್ ಸೈನ್ಸ್ ಇನ್‌ಸ್ಟಿಟ್ಯೂಟ್ ಮಾಡಿದ್ದು. ಪೈಥಾನ್ ಪ್ಯಾಕೇಜ್. ಹೆಸರು ಸುಮ್ನೆ 'ಜೆಡಬ್ಲ್ಯುಎಸ್‌ಟಿ' ಅಂತಲೇ, ಪಿಪ್‌ನಿಂದ ಒಂದೇ ಸಾಲಿನಲ್ಲಿ ಇನ್‌ಸ್ಟಾಲ್ ಆಗುತ್ತದೆ. ಕೋಡ್ ಪೂರ್ತಿ ಗಿಟ್‌ಹಬ್‌ನಲ್ಲಿದೆ. ಸಂಸ್ಥೆಯವರು ತಮ್ಮ ಸರ್ವರ್‌ಗಳಲ್ಲಿ ಓಡಿಸುವುದೂ ಇದನ್ನೇ, ನಿಮಗೆ ಸಿಗುವುದೂ ಇದೇ.

ಆರ್ಕೈವ್‌ನಲ್ಲಿ ಕ್ಯಾಲಿಬ್ರೇಟ್ ಆಗಿರುವ ಫೈಲೇ ಸಿಗುತ್ತದಲ್ಲ. ಮತ್ತೆ ನಾನ್ಯಾಕೆ ಓಡಿಸಬೇಕು?

ತುಂಬಾ ಜನಕ್ಕೆ ಓಡಿಸುವ ಅಗತ್ಯವೇ ಇಲ್ಲ. ವೆಬ್ ಡೇಟಾ ಇಟ್ಟಿರುವ ಮಾಸ್ಟ್ ಆರ್ಕೈವ್‌ನಲ್ಲಿ ಹಸಿ ಫೈಲ್‌ನಿಂದ ಕೊನೆಯ ಮೊಸಾಯಿಕ್ (ಹಲವು ಚಿತ್ರ ಜೋಡಿಸಿದ ದೊಡ್ಡ ಚಿತ್ರ) ವರೆಗೆ ಎಲ್ಲವೂ ಸಿಗುತ್ತವೆ. ಸಾಫ್ಟ್‌ವೇರ್ ಅಥವಾ ಅದು ಬಳಸುವ ಉಪಕರಣದ ಅಳತೆಗಳಿರುವ ರೆಫರೆನ್ಸ್ ಫೈಲ್ ಬದಲಾದಾಗ ಅವರೇ ಹಳೆಯ ಡೇಟಾವನ್ನು ಮತ್ತೆ ಪ್ರೊಸೆಸ್ ಮಾಡಿ ಇಡುತ್ತಾರೆ. ಸಾರ್ವಜನಿಕ ಡೇಟಾಗೆ ಅಕೌಂಟ್ ಕೂಡ ಬೇಡ.

ನೀವೇ ಓಡಿಸಬೇಕಾಗುವುದು ಕೆಲವು ಸಂದರ್ಭಗಳಲ್ಲಿ. ನಿಮ್ಮ ಗುರಿ ತೀರಾ ಮಸುಕಾಗಿದ್ದು ಹಿನ್ನೆಲೆಯ ಗೆರೆಗಳು ಅದನ್ನು ನುಂಗುತ್ತಿದ್ದರೆ. ಬೇರೆ ಬೇರೆ ತಿಂಗಳಲ್ಲಿ ತೆಗೆದ ಡೇಟಾವನ್ನು ಒಂದೇ ಅಳತೆಗೆ ತರಬೇಕಿದ್ದರೆ. ಗ್ರಹವೊಂದು ತನ್ನ ನಕ್ಷತ್ರದ ಮುಂದೆ ಹಾದುಹೋಗುವಾಗ ಆಗುವ ಅತಿಸಣ್ಣ ಮಬ್ಬನ್ನು ಅಳೆಯುತ್ತಿದ್ದರೆ. ಇಂಥ ಕಡೆ ಪೈಪ್‌ಲೈನಿನ (ಹಂತ ಹಂತವಾಗಿ ಓಡುವ ಈ ಸಾಫ್ಟ್‌ವೇರಿನ) ಸಿದ್ಧ ಆಯ್ಕೆಗಳು ಸಾಲುವುದಿಲ್ಲ. ಯಾಕೆಂದರೆ ಅವನ್ನು ಎಲ್ಲರಿಗೂ ಒಂದು ಮಟ್ಟಕ್ಕೆ ಹೊಂದುವ ಹಾಗೆ ಇಟ್ಟಿರುತ್ತಾರೆ.

ಫೈಲ್ ಹೆಸರಿನ ಕೊನೆಯಲ್ಲಿ ಅನ್‌ಕ್ಯಾಲ್, ರೇಟ್, ಕ್ಯಾಲ್, ಐ2ಡಿ ಅಂತೆಲ್ಲ ಇರುತ್ತದೆ. ಏನದು?

ಫೈಲ್ ಯಾವ ಹಂತದಲ್ಲಿದೆ ಅಂತ ಹೇಳುವ ಬಾಲ. ಅನ್‌ಕ್ಯಾಲ್ ಅಂದರೆ ಹಸಿ ಡೇಟಾ. ಮೊದಲ ಹಂತ ಮುಗಿದರೆ ರೇಟ್. ಎರಡನೇ ಹಂತ ಮುಗಿದರೆ ಕ್ಯಾಲ್. ಮೂರನೇ ಹಂತದಲ್ಲಿ ಹಲವು ಎಕ್ಸ್‌ಪೋಷರ್‌ಗಳು ಸೇರಿ ಒಂದಾದ ಚಿತ್ರ ಐ2ಡಿ. ರೋಹಿತದ (ಬಣ್ಣ ಬಣ್ಣವಾಗಿ ಬಿಡಿಸಿದ ಬೆಳಕಿನ) ಡೇಟಾ ಆದರೆ ಎಕ್ಸ್1ಡಿ ಮತ್ತು ಎಸ್3ಡಿ ಕೂಡ ಕಾಣುತ್ತವೆ. ಮೊದಲನೆಯದು ಒಂದೇ ಸಾಲಿನ ರೋಹಿತ, ಎರಡನೆಯದು ಪ್ರತಿ ಜಾಗಕ್ಕೂ ರೋಹಿತ ಇರುವ ಘನ.

ಮೊದಲ ಹಂತದಲ್ಲಿ ನಿಜವಾಗಿ ಏನಾಗುತ್ತದೆ?

ಇಡೀ ಪೈಪ್‌ಲೈನಿನ ಜೀವ ಇರುವುದು ಇಲ್ಲೇ. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ನಿಮ್ಮ ಫೋನ್ ಕ್ಯಾಮೆರಾ ಒಂದು ಫೋಟೋಗೆ ಪಿಕ್ಸೆಲ್‌ಗಳನ್ನು ಒಂದು ಸಲ ಓದಿ ಖಾಲಿ ಮಾಡುತ್ತದೆ. ವೆಬ್‌ನ ಡಿಟೆಕ್ಟರ್ ಹಾಗಲ್ಲ. ಎಕ್ಸ್‌ಪೋಷರ್ ನಡೆಯುತ್ತಿರುವಾಗಲೇ ಪಿಕ್ಸೆಲ್‌ಗಳನ್ನು ಖಾಲಿ ಮಾಡದೆ ಮತ್ತೆ ಮತ್ತೆ ಓದುತ್ತದೆ. ಮನೆಯ ಕರೆಂಟ್ ಮೀಟರ್ ಇದ್ದ ಹಾಗೆ. ತಿಂಗಳು ತಿಂಗಳು ಬಂದು ರೀಡಿಂಗ್ ಬರೆದುಕೊಳ್ಳುತ್ತಾರೆ, ಯಾರೂ ಸೊನ್ನೆಗೆ ತರುವುದಿಲ್ಲ. ಎರಡು ರೀಡಿಂಗ್‌ಗಳ ನಡುವಿನ ವ್ಯತ್ಯಾಸವೇ ಲೆಕ್ಕ. ಹೀಗೆ ಏರುತ್ತಾ ಹೋಗುವ ರೀಡಿಂಗ್‌ಗಳ ಸಾಲಿಗೆ ರ್‍ಯಾಂಪ್ ಎನ್ನುತ್ತಾರೆ.

ಒಂದು ಪಿಕ್ಸೆಲ್ ತೆಗೆದುಕೊಳ್ಳಿ. ವೆಬ್‌ನ ನಿಯರ್‌ಕ್ಯಾಮ್ ಎಂಬ ಕ್ಯಾಮೆರಾ ತನ್ನ ಪೂರ್ತಿ ಡಿಟೆಕ್ಟರನ್ನು ಒಂದು ಸಲ ಓದಲು ಸುಮಾರು 10.7 ಸೆಕೆಂಡ್ ಬೇಕು. ಏಳು ಸಲ ಓದಿದಾಗ ಬಂದ ಸಂಖ್ಯೆಗಳು ಹೀಗಿವೆ ಅಂದುಕೊಳ್ಳಿ: 12,000, 12,150, 12,300, 12,450, 14,900, 15,050, 15,200. ಪ್ರತಿ ಸಲ 150 ಏರುತ್ತಿದೆ. ಮಧ್ಯದಲ್ಲಿ ಒಮ್ಮೆ ಮಾತ್ರ 2,450 ಹಾರಿದೆ. ನಕ್ಷತ್ರ ಹಾಗೆ ಒಂದು ಕ್ಷಣ ಬೆಳಗಿ ಮತ್ತೆ ಹಳೆಯ ಲೆಕ್ಕಕ್ಕೆ ಬರುವುದಿಲ್ಲ. ಅದು ಕಾಸ್ಮಿಕ್ ಕಿರಣ. 'ಜಂಪ್' ಎಂಬ ಹಂತ ಆ ನೆಗೆತಕ್ಕೆ ಗುರುತು ಹಾಕುತ್ತದೆ. 'ರ್‍ಯಾಂಪ್ ಫಿಟ್' ಎಂಬ ಹಂತ ಆ ಜಾಗವನ್ನು ಬಿಟ್ಟು ಎರಡೂ ಕಡೆಯ ಇಳಿಜಾರನ್ನು ಲೆಕ್ಕ ಹಾಕುತ್ತದೆ. ಉತ್ತರ ಸೆಕೆಂಡಿಗೆ 14. ಜಂಪ್ ಹಂತ ಇಲ್ಲದೆ ಮೊದಲ ಮತ್ತು ಕೊನೆಯ ರೀಡಿಂಗ್ ಹಿಡಿದು ಭಾಗಿಸಿದ್ದರೆ ಸುಮಾರು 50 ಬರುತ್ತಿತ್ತು. ಮೂರೂವರೆ ಪಟ್ಟು ತಪ್ಪು, ಒಂದೇ ಒಂದು ಕಣದಿಂದ.

ಇದಕ್ಕೆ ಮೊದಲು ಇನ್ನೂ ಕೆಲಸಗಳಿವೆ. ಕೆಟ್ಟ ಪಿಕ್ಸೆಲ್‌ಗಳಿಗೆ ಗುರುತು ಹಾಕುವುದು, ತುಂಬಿ ತುಳುಕಿದ ಪಿಕ್ಸೆಲ್‌ಗಳನ್ನು ಪತ್ತೆ ಮಾಡುವುದು, ಸೂಪರ್‌ಬಯಸ್ (ಎಲೆಕ್ಟ್ರಾನಿಕ್ಸ್ ಸೇರಿಸಿದ ಮೊತ್ತ) ಕಳೆಯುವುದು, ಡಾರ್ಕ್ ಕರೆಂಟ್ (ಬೆಳಕಿಲ್ಲದಾಗಲೂ ಹುಟ್ಟುವ ಸಿಗ್ನಲ್) ಕಳೆಯುವುದು. ನಿಯರ್‌ಕ್ಯಾಮ್ ಡಿಟೆಕ್ಟರ್ 2048 ಗುಣಿಸು 2048 ಪಿಕ್ಸೆಲ್‌ನದು. ಆದರೆ ನಾಲ್ಕೂ ಅಂಚಿನ ನಾಲ್ಕು ನಾಲ್ಕು ಪಿಕ್ಸೆಲ್ ಬೆಳಕಿಗೆ ಕುರುಡು. ಅವು ಅಳೆಯುವುದು ಎಲೆಕ್ಟ್ರಾನಿಕ್ಸಿನ ಏರಿಳಿತವನ್ನು ಮಾತ್ರ, ಅದನ್ನು ಉಳಿದವುಗಳಿಂದ ಕಳೆಯುತ್ತಾರೆ. ಇನ್ನು ಲೀನಿಯಾರಿಟಿ. ಪಿಕ್ಸೆಲ್ ತುಂಬುತ್ತಾ ಬಂದ ಹಾಗೆ ಅದೇ ಬೆಳಕಿಗೆ ಕಡಿಮೆ ಕಡಿಮೆ ಏರುತ್ತದೆ, ಅದನ್ನೂ ನೆಟ್ಟಗೆ ಮಾಡಬೇಕು.

'ಸ್ನೋಬಾಲ್' ಅಂದರೇನು?

ಜಾಸ್ತಿ ಶಕ್ತಿಯ ಕಣ ಬಡಿದಾಗ ಒಂದೆರಡು ಪಿಕ್ಸೆಲ್ ಅಲ್ಲ, ದುಂಡಗಿನ ದೊಡ್ಡ ಮಚ್ಚೆಯೇ ಬೀಳುತ್ತದೆ. ನಿಯರ್ ಇನ್‌ಫ್ರಾರೆಡ್ ಡಿಟೆಕ್ಟರ್‌ಗಳಲ್ಲಿ ಅದಕ್ಕೆ ಸ್ನೋಬಾಲ್ ಎನ್ನುತ್ತಾರೆ. ಮಿರಿ ಎಂಬ ವೆಬ್‌ನ ಇನ್ನೊಂದು ಉಪಕರಣದಲ್ಲಿ ಇದರ ರೂಪ ಬೇರೆ, ಅಲ್ಲಿ 'ಶವರ್'. ಜಂಪ್ ಹಂತದಲ್ಲಿ ಇವೆರಡಕ್ಕೂ ಪ್ರತ್ಯೇಕ ಆಯ್ಕೆಗಳಿವೆ. ಕೊನೆಯ ಚಿತ್ರದಲ್ಲಿ ಮಸುಕಾದ ದುಂಡು ಕಲೆ ಕಂಡು ಹೊಸ ಗ್ಯಾಲಕ್ಸಿ ಸಿಕ್ಕಿತು ಅಂದುಕೊಳ್ಳುವ ಮೊದಲು ಬಿಡಿ ಎಕ್ಸ್‌ಪೋಷರ್‌ಗಳನ್ನು ಒಂದೊಂದಾಗಿ ನೋಡಿ. ಒಂದರಲ್ಲಿ ಮಾತ್ರ ಇದ್ದರೆ ಅದು ಆಕಾಶದ್ದಲ್ಲ.

ಎರಡನೇ, ಮೂರನೇ ಹಂತ?

ಎರಡನೆಯದರಲ್ಲಿ ಮುಖ್ಯವಾಗಿ ಮೂರು ಕೆಲಸ. ಯಾವ ಪಿಕ್ಸೆಲ್ ಆಕಾಶದ ಯಾವ ಜಾಗವನ್ನು ನೋಡುತ್ತಿದೆ ಎಂದು ಗುರುತಿಸುವುದು. ಫ್ಲಾಟ್ ಫೀಲ್ಡ್‌ನಿಂದ (ಒಂದೇ ಬೆಳಕಿಗೆ ಪ್ರತಿ ಪಿಕ್ಸೆಲ್ ಎಷ್ಟು ತೋರಿಸುತ್ತದೆ ಎಂಬ ಅಳತೆಯಿಂದ) ಭಾಗಿಸಿ ಪಿಕ್ಸೆಲ್‌ಗಳ ನಡುವಿನ ಹೆಚ್ಚುಕಡಿಮೆ ಸರಿಪಡಿಸುವುದು. ಸೆಕೆಂಡಿಗೆ ಇಷ್ಟು ಎಣಿಕೆ ಎಂಬುದನ್ನು ಮೆಗಾಜಾನ್ಸ್ಕಿಗೆ ತಿರುಗಿಸುವುದು.

ಮೂರನೆಯದು ಎಲ್ಲ ಎಕ್ಸ್‌ಪೋಷರ್‌ಗಳನ್ನು ಒಂದರ ಮೇಲೊಂದು ಕೂರಿಸುತ್ತದೆ. ನಕ್ಷತ್ರಗಳನ್ನು ಹಿಡಿದು ಜೋಡಣೆ ಸರಿಮಾಡುತ್ತದೆ, ಹಿನ್ನೆಲೆಯನ್ನು ಸಮ ಮಾಡುತ್ತದೆ, ಉಳಿದ ಕಸ ಹೆಕ್ಕುತ್ತದೆ, ಕೊನೆಗೆ ಹೊಸ ಗ್ರಿಡ್‌ಗೆ ಎರಕ ಹೊಯ್ಯುತ್ತದೆ. ಈ ಕೊನೆಯ ಕೆಲಸದ ವಿಧಾನ ಡ್ರಿಜಲ್. ಹಬಲ್ ಡೀಪ್ ಫೀಲ್ಡ್ ಎಂಬ ಚಿತ್ರಕ್ಕಾಗಿ ಆಂಡ್ರ್ಯೂ ಫ್ರುಕ್ಟರ್ ಮತ್ತು ರಿಚರ್ಡ್ ಹುಕ್ 1990ರ ದಶಕದಲ್ಲಿ ರೂಪಿಸಿದ್ದು, ಈಗಲೂ ನಡೆಯುತ್ತಿದೆ.

ಸಿಆರ್‌ಡಿಎಸ್ ಅಂದರೇನು? ಇನ್‌ಸ್ಟಾಲ್ ಮಾಡಿದ ಮೇಲೆ ಅದು ಬಿಟ್ಟು ಬೇರೆ ಎರರ್ರೇ ಬರುತ್ತಿಲ್ಲ.

ಪೈಪ್‌ಲೈನ್ ಬರೀ ಕೋಡ್. ಈ ಡಿಟೆಕ್ಟರಿನ ಡಾರ್ಕ್ ಎಷ್ಟು, ಈ ಫಿಲ್ಟರಿನ ಫ್ಲಾಟ್ ಯಾವುದು, ಎಣಿಕೆಯಿಂದ ಮೆಗಾಜಾನ್ಸ್ಕಿಗೆ ಎಷ್ಟರಿಂದ ಗುಣಿಸಬೇಕು, ಇದ್ಯಾವುದೂ ಕೋಡಿನಲ್ಲಿ ಇಲ್ಲ. ಅವೆಲ್ಲ ರೆಫರೆನ್ಸ್ ಫೈಲ್‌ಗಳಲ್ಲಿವೆ. ಯಾವ ಡೇಟಾಗೆ ಯಾವ ಫೈಲ್ ಎಂದು ಆರಿಸಿಕೊಡುವ ವ್ಯವಸ್ಥೆಯೇ ಸಿಆರ್‌ಡಿಎಸ್. ನಿಮ್ಮ ಫೈಲಿನ ಹೆಡರ್‌ನಲ್ಲಿರುವ (ಶುರುವಿನ ವಿವರಗಳ ಪಟ್ಟಿಯಲ್ಲಿರುವ) ಉಪಕರಣ, ಡಿಟೆಕ್ಟರ್, ಫಿಲ್ಟರ್, ತಾರೀಖು ನೋಡಿ ಅದು ಆಯ್ಕೆ ಮಾಡುತ್ತದೆ.

ಎರರ್ ಬರುವುದಕ್ಕೆ ಕಾರಣ ಸಾಮಾನ್ಯವಾಗಿ ಒಂದೇ. ಎರಡು ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳನ್ನು ಇಡಬೇಕು: ಸರ್ವರಿನ ವಿಳಾಸ ಒಂದು, ಫೈಲ್‌ಗಳನ್ನು ಇಳಿಸಿಟ್ಟುಕೊಳ್ಳುವ ಫೋಲ್ಡರ್ ಇನ್ನೊಂದು. ಪೈಥಾನಿನಲ್ಲಿ ಪ್ಯಾಕೇಜನ್ನು ಇಂಪೋರ್ಟ್ ಮಾಡುವ ಮೊದಲೇ ಇವನ್ನು ಇಡಿ. ಆಮೇಲೆ ಇಟ್ಟರೆ ಎಷ್ಟೋ ಸಲ ಅದು ಗಮನಿಸುವುದೇ ಇಲ್ಲ. ಮೊದಲ ಸಲ ಓಡಿಸುವಾಗ ದೊಡ್ಡ ದೊಡ್ಡ ಫೈಲ್‌ಗಳು ಇಳಿಯುತ್ತವೆ, ಡಾರ್ಕ್ ಫೈಲ್‌ಗಳಂತೂ ಭಾರಿ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಶುರು ಮಾಡಬೇಡಿ.

ಅದೇ ಡೇಟಾ, ಅದೇ ಕೋಡ್, ಆದರೂ ಗೆಳೆಯನಿಗೆ ಬಂದ ಸಂಖ್ಯೆ ನನಗೆ ಬರುತ್ತಿಲ್ಲ. ಯಾಕೆ?

ರೆಫರೆನ್ಸ್ ಫೈಲ್ ಬೇರೆ ಇರಬೇಕು. ಎಲ್ಲ ಆಯ್ಕೆಗಳನ್ನು ಒಟ್ಟಿಗೆ ಹಿಡಿದಿಡುವ ಒಂದು ಪಟ್ಟಿ ಇದೆ. ಅದಕ್ಕೆ ಕಾಂಟೆಕ್ಸ್ಟ್ ಎನ್ನುತ್ತಾರೆ, ಅದರ ಹೆಸರು ಒಂದು ಸಂಖ್ಯೆ ಮತ್ತು ಪಿಮ್ಯಾಪ್ ಎಂಬ ಬಾಲದಿಂದ ಮುಗಿಯುತ್ತದೆ. ಹೊಸ ರೆಫರೆನ್ಸ್ ಫೈಲ್ ಸೇರಿದ ಹಾಗೆಲ್ಲ ಆ ಸಂಖ್ಯೆ ಏರುತ್ತದೆ. ಕ್ಯಾಲಿಬ್ರೇಟ್ ಆದ ಫೈಲಿನ ಹೆಡರ್‌ನಲ್ಲಿ ಎರಡು ಸಾಲು ಹುಡುಕಿ: ಒಂದು ಸಾಫ್ಟ್‌ವೇರ್ ಆವೃತ್ತಿ, ಇನ್ನೊಂದು ಕಾಂಟೆಕ್ಸ್ಟ್. ನಿಮ್ಮದೂ ಗೆಳೆಯನದೂ ಎರಡೂ ಹೊಂದಬೇಕು. ಅದೇ ಹೆಡರ್‌ನಲ್ಲಿ ಪ್ರತಿ ಹಂತದ ಎದುರು 'ಕಂಪ್ಲೀಟ್' ಅಥವಾ 'ಸ್ಕಿಪ್ಡ್' ಅಂತಲೂ ಬರೆದಿರುತ್ತದೆ. ಯಾವ ಹಂತ ಸದ್ದಿಲ್ಲದೆ ಬಿಟ್ಟುಹೋಗಿದೆ ಅಂತ ಅಲ್ಲೇ ಗೊತ್ತಾಗುತ್ತದೆ.

ಇದು ಬರೀ ಶಿಸ್ತಿನ ಮಾತಲ್ಲ. 2022ರ ಜುಲೈನಲ್ಲಿ ವೆಬ್‌ನ ಮೊದಲ ಡೇಟಾ ಹೊರಬಿದ್ದ ಕೆಲವೇ ದಿನಗಳಲ್ಲಿ ಅತಿ ದೂರದ ಗ್ಯಾಲಕ್ಸಿಗಳ ಬಗ್ಗೆ ಪ್ರಬಂಧಗಳು ಸಾಲುಗಟ್ಟಿ ಬಂದವು. ಆಗಿನ್ನೂ ನಿಯರ್‌ಕ್ಯಾಮಿನ ಬೆಳಕಿನ ಅಳತೆ ಹಾರುವ ಮುಂಚೆ ಮಾಡಿದ ಅಂದಾಜಿನ ಮೇಲೆ ನಿಂತಿತ್ತು. ತಿಂಗಳ ಕೊನೆಯಲ್ಲಿ, ಆಕಾಶದಲ್ಲೇ ಅಳೆದ ಹೊಸ ರೆಫರೆನ್ಸ್ ಫೈಲ್‌ಗಳು ಬಂದವು. ಡಿಟೆಕ್ಟರಿನಿಂದ ಡಿಟೆಕ್ಟರಿಗೆ ಹೊಳಪು ಬದಲಾಯಿತು. ದೂರವನ್ನು ಬಣ್ಣದಿಂದಲೇ ಅಂದಾಜು ಮಾಡುವ ಕಡೆ ಇದು ಸಣ್ಣ ವಿಷಯವಲ್ಲ. ಹಲವು ತಂಡಗಳು ಮತ್ತೆ ಲೆಕ್ಕ ಹಾಕಿದವು. ಹಾಗಂತ ಆಮೇಲೆ ಬಿದ್ದುಹೋದ ಪ್ರತಿ ದಾಖಲೆಯನ್ನೂ ಕ್ಯಾಲಿಬ್ರೇಶನ್ ತಲೆಗೆ ಕಟ್ಟುವುದು ಸರಿಯಲ್ಲ. ಒಂದು ಗ್ಯಾಲಕ್ಸಿಯ ಕೆಂಪುಪಲ್ಲಟ (ಜಾಸ್ತಿಯಾದಷ್ಟೂ ದೂರ) ಸುಮಾರು 16 ಎಂದು ಅಂದಾಜಾಗಿತ್ತು. ರೋಹಿತ ತೆಗೆದಾಗ 4.9 ಎಂದು ತಿಳಿಯಿತು. ಅಲ್ಲಿ ಅಳತೆ ಸರಿಯಾಗಿಯೇ ಇತ್ತು. ಗ್ಯಾಲಕ್ಸಿಯದೇ ಪ್ರಖರ ಹೊರಸೂಸು ಗೆರೆಗಳು (ಕೆಲವೇ ಬಣ್ಣಗಳಲ್ಲಿ ಜೋರಾಗಿ ಹೊಳೆಯುವ ಬೆಳಕು) ಬಣ್ಣವನ್ನು ಹಾಗೆ ತೋರಿಸಿದ್ದವು.

ಹಾಗಾಗಿ ಹೊಸಬರಿಗೆ ಮೊದಲು ಹೇಳಬೇಕಾದದ್ದು ಯಾವ ಪ್ಯಾರಾಮೀಟರ್ ಎಷ್ಟಿಡಬೇಕು ಅಂತ ಅಲ್ಲ. ಪ್ರಾಜೆಕ್ಟ್ ಶುರುವಿನಲ್ಲೇ ಒಂದು ಕಾಂಟೆಕ್ಸ್ಟ್ ಆರಿಸಿ, ಅದನ್ನು ಗಟ್ಟಿ ಮಾಡಿ, ಬರೆದಿಡಿ. ಅದಿಲ್ಲದ ಸಂಖ್ಯೆಯನ್ನು ಬೇರೆಯವರು ಪರೀಕ್ಷಿಸಲು ಬರುವುದಿಲ್ಲ.

ರೆಫರೆನ್ಸ್ ಫೈಲ್‌ಗಳು ಎಲ್ಲಿಂದ ಬರುತ್ತವೆ?

ಟೆಲಿಸ್ಕೋಪಿನ ಸಮಯದಲ್ಲಿ ಒಂದು ಪಾಲನ್ನು ಇದಕ್ಕೇ ಎತ್ತಿಡುತ್ತಾರೆ. ಹೊಳಪು ಚೆನ್ನಾಗಿ ಗೊತ್ತಿರುವ ನಕ್ಷತ್ರಗಳನ್ನು ಮತ್ತೆ ಮತ್ತೆ ನೋಡುತ್ತಾರೆ: ಶ್ವೇತ ಕುಬ್ಜಗಳು, ಎ ವರ್ಗದ ನಕ್ಷತ್ರಗಳು, ಸೂರ್ಯನನ್ನು ಹೋಲುವ ನಕ್ಷತ್ರಗಳು. ಮೂರು ಬಗೆ ಯಾಕೆಂದರೆ ಒಂದರ ಮಾದರಿಯಲ್ಲಿ ತಪ್ಪಿದ್ದರೆ ಇನ್ನೊಂದು ಹಿಡಿಯುತ್ತದೆ. ಲೆನ್ಸು, ಕನ್ನಡಿಗಳಿಂದ ಚಿತ್ರ ಎಷ್ಟು ಸೊಟ್ಟಗಾಗಿದೆ ಎಂದು ಅಳೆಯಲು ಲಾರ್ಜ್ ಮೆಜಲ್ಲಾನಿಕ್ ಕ್ಲೌಡ್ ಎಂಬ ನೆರೆಯ ಗ್ಯಾಲಕ್ಸಿಯಲ್ಲಿ ನಕ್ಷತ್ರ ಕಿಕ್ಕಿರಿದ ಒಂದು ತುಂಡನ್ನು ಬಳಸುತ್ತಾರೆ. ಹಬಲ್ ಅದನ್ನು ಮೊದಲೇ ಸೂಕ್ಷ್ಮವಾಗಿ ಅಳೆದಿಟ್ಟಿತ್ತು. ವೆಬ್‌ಗೆ ವರ್ಷವಿಡೀ ಕಾಣುತ್ತದೆ ಎಂಬ ಅನುಕೂಲ ಬೇರೆ.

ಉಪಕರಣ ಬದಲಾಗುತ್ತಲೂ ಇರುತ್ತದೆ. ಮಿರಿ ರೋಹಿತಮಾಪಕದ ಉದ್ದ ತರಂಗಗಳ ಕಡೆ ಸೂಕ್ಷ್ಮತೆ ನಿಧಾನವಾಗಿ ಇಳಿಯುತ್ತಿದೆ ಎಂದು 2023ರಲ್ಲಿ ತಿಳಿಸಲಾಯಿತು. ಈಗ ಆ ಗುಣಕ ತಾರೀಖಿನ ಜೊತೆ ಬದಲಾಗುತ್ತದೆ. 2022ರ ಡೇಟಾವನ್ನೂ ಈಚಿನದನ್ನೂ ಹೋಲಿಸುವವರು ಹಳೆಯ ಕಾಂಟೆಕ್ಸ್ಟ್ ಬಳಸಿದರೆ ವಸ್ತುವೇ ಮಬ್ಬಾಯಿತು ಅಂದುಕೊಳ್ಳುವ ಅಪಾಯವಿದೆ.

ಚಿತ್ರದಲ್ಲಿ ಅಡ್ಡ ಗೆರೆಗಳು, ಹೊಗೆಯಂಥ ಮಬ್ಬು. ಏನು ಮಾಡಲಿ?

ಗೆರೆಗಳು ಓದುವ ಎಲೆಕ್ಟ್ರಾನಿಕ್ಸಿನ ಗದ್ದಲ. ಅದನ್ನು ಒರೆಸುವ ಹಂತ ಪ್ಯಾಕೇಜಿನಲ್ಲೇ ಇದೆ, ಆದರೆ ಸಾಮಾನ್ಯವಾಗಿ ಆಫ್ ಇರುತ್ತದೆ. ಆನ್ ಮಾಡುವ ಮೊದಲು ಯೋಚಿಸಿ. ಚಿತ್ರ ತುಂಬಾ ನೆಬ್ಯುಲಾ ಹರಡಿದ್ದರೆ ಗೆರೆಯ ಜೊತೆ ನಿಜವಾದ ಬೆಳಕನ್ನೂ ಒರೆಸಿಬಿಡಬಹುದು. ಖಾಲಿ ಆಕಾಶ ಜಾಸ್ತಿ ಇರುವ ಚಿತ್ರಗಳಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ.

ಹೊಗೆಯಂಥದ್ದಕ್ಕೆ 'ವಿಸ್ಪ್' ಎನ್ನುತ್ತಾರೆ. ನಿಯರ್‌ಕ್ಯಾಮಿನ ಕೆಲವು ಡಿಟೆಕ್ಟರ್‌ಗಳಲ್ಲಿ ದಾರಿ ತಪ್ಪಿ ಒಳಬಂದ ಬೆಳಕು. ಹೆಚ್ಚುಕಡಿಮೆ ಅದೇ ಜಾಗದಲ್ಲಿ ಬರುವುದರಿಂದ ಅದರ ಅಚ್ಚು ಮಾಡಿ ಕಳೆಯಬಹುದು.

ನನ್ನ ಲ್ಯಾಪ್‌ಟಾಪ್‌ನಲ್ಲಿ ಓಡುತ್ತದಾ?

ಲೆಕ್ಕ ಹಾಕಿ. ಒಂದು ಸಲ ಓದಿದರೆ 8 ಎಂಬಿ. ಹತ್ತು ಸಲ ಓದಿದ ಒಂದು ಹಸಿ ಫೈಲ್ 80 ಎಂಬಿಗೂ ಮೇಲೆ. ಪ್ರೊಸೆಸ್ ಮಾಡುವಾಗ 32 ಬಿಟ್‌ಗೆ ತಿರುಗುವುದರಿಂದ ಮೆಮೊರಿಯಲ್ಲಿ ಅದು ಇಮ್ಮಡಿ ಆಗುತ್ತದೆ, ಗುರುತುಗಳ ಪದರ ಬೇರೆ. ನಿಯರ್‌ಕ್ಯಾಮಿನಲ್ಲಿ ಹತ್ತು ಡಿಟೆಕ್ಟರ್‌ಗಳಿವೆ. ಒಂದೊಂದೇ ಫೈಲನ್ನು ಮೊದಲ ಎರಡು ಹಂತ ದಾಟಿಸಲು ಸಾಧಾರಣ ಲ್ಯಾಪ್‌ಟಾಪ್ ಸಾಕು. ಉಸಿರುಗಟ್ಟುವುದು ಮೂರನೇ ಹಂತದ ದೊಡ್ಡ ಮೊಸಾಯಿಕ್‌ನಲ್ಲಿ. ಚಿಕ್ಕ ತುಂಡಿನಿಂದ ಶುರು ಮಾಡಿ. ಜಂಪ್ ಮತ್ತು ರ್‍ಯಾಂಪ್ ಫಿಟ್ ಹಂತಗಳಿಗೆ ಎಷ್ಟು ಕೋರ್ ಕೊಡಬೇಕೆಂದು ಹೇಳಬಹುದು. ಎಲ್ಲವನ್ನೂ ಕೊಟ್ಟರೆ ಮೆಮೊರಿ ಸಾಲದೆ ಮಧ್ಯದಲ್ಲೇ ನಿಲ್ಲಬಹುದು, ಅರ್ಧ ಕೊಡುವುದು ಕ್ಷೇಮ.

ಲಿನಕ್ಸ್ ಅಥವಾ ಮ್ಯಾಕ್ ಬೇಕು. ವಿಂಡೋಸ್‌ಗೆ ಅಧಿಕೃತ ಬೆಂಬಲ ಇಲ್ಲ. ವಿಂಡೋಸ್ ಒಳಗಿನ ಲಿನಕ್ಸ್ ವ್ಯವಸ್ಥೆಯಲ್ಲಿ ಓಡಿಸಿಕೊಳ್ಳಬಹುದು.

ಬಣ್ಣದ ಚಂದದ ಚಿತ್ರ ಮಾಡಲು ಇಷ್ಟೆಲ್ಲ ಬೇಕಾ?

ಬೇಡ. ಮೂರು ಫಿಲ್ಟರಿನ ಐ2ಡಿ ಫೈಲ್ ಇಳಿಸಿಕೊಂಡು ಕೆಲಸ ಶುರು ಮಾಡಿ. ನಕ್ಷತ್ರದ ನಡುವೆ ಕಪ್ಪು ತೂತು ಕಂಡರೆ ಗಾಬರಿಯಾಗಬೇಡಿ, ಅದು ತುಂಬಿ ತುಳುಕಿದ ಪಿಕ್ಸೆಲ್. ಅಳೆಯಲು ಆಗದ್ದನ್ನು ಪೈಪ್‌ಲೈನ್ ಖಾಲಿ ಬಿಡುತ್ತದೆ.

ಹಬಲ್‌ಗೂ ಇದೇ ಸಾಫ್ಟ್‌ವೇರಾ?

ಅಲ್ಲ. ಅದರ ಪ್ರತಿ ಉಪಕರಣಕ್ಕೂ ಅದರದೇ ಪ್ರೋಗ್ರಾಂ ಇದೆ: ಎಸಿಎಸ್ ಕ್ಯಾಮೆರಾಗೆ ಕ್ಯಾಲ್‌ಎಸಿಎಸ್, ಡಬ್ಲ್ಯುಎಫ್‌ಸಿ3 ಕ್ಯಾಮೆರಾಗೆ ಕ್ಯಾಲ್‌ಡಬ್ಲ್ಯುಎಫ್3, ಹೀಗೆ. ಜೋಡಿಸಲು ಆಸ್ಟ್ರೋಡ್ರಿಜಲ್. ರೆಫರೆನ್ಸ್ ಫೈಲ್ ಆರಿಸುವುದು ಮಾತ್ರ ಇಲ್ಲೂ ಸಿಆರ್‌ಡಿಎಸ್. ಹಬಲ್‌ನ ಸಿಸಿಡಿ ಎಂಬ ಬಗೆಯ ಡಿಟೆಕ್ಟರ್‌ಗಳಿಗೆ ವಿಕಿರಣದಿಂದ ವಯಸ್ಸಾಗಿದೆ. ಎಲೆಕ್ಟ್ರಾನ್‌ಗಳನ್ನು ಸಾಗಿಸುವಾಗ ದಾರಿಯಲ್ಲಿ ಕೆಲವು ಉಳಿದುಬಿಡುತ್ತವೆ, ನಕ್ಷತ್ರಕ್ಕೆ ಬಾಲ ಬರುತ್ತದೆ. ಅದನ್ನು ಸರಿಪಡಿಸಿದ ಫೈಲ್ ಎಫ್ಎಲ್‌ಸಿ, ಸರಿಪಡಿಸದ್ದು ಎಫ್ಎಲ್‌ಟಿ. ಇತ್ತೀಚಿನ ಡೇಟಾ ಆದರೆ ಎಫ್ಎಲ್‌ಸಿ ತೆಗೆದುಕೊಳ್ಳಿ.

ಆಸ್ಟ್ರೋಸ್ಯಾಟ್ ಡೇಟಾ ಬಳಸಬೇಕೆಂದರೆ?

ಬಳಸಿ. ಇಸ್ರೋ 2015ರ ಸೆಪ್ಟೆಂಬರ್ 28ರಂದು ಹಾರಿಸಿದ ಆಸ್ಟ್ರೋಸ್ಯಾಟ್‌ನ ಯುವಿಐಟಿ ಎಂಬ ಅತಿನೇರಳೆ ಟೆಲಿಸ್ಕೋಪ್ ಕರ್ನಾಟಕದಲ್ಲೇ ರೂಪಗೊಂಡದ್ದು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಮುಂದಾಳತ್ವದಲ್ಲಿ, ಹೊಸಕೋಟೆಯ ಕ್ರೆಸ್ಟ್ ಆವರಣದ ಎಂ.ಜಿ.ಕೆ. ಮೆನನ್ ಪ್ರಯೋಗಾಲಯದಲ್ಲಿ ಜೋಡಿಸಿ ಪರೀಕ್ಷಿಸಿದರು. ಡಿಟೆಕ್ಟರ್‌ಗಳು ಕೆನಡಾ ಬಾಹ್ಯಾಕಾಶ ಸಂಸ್ಥೆಯ ಮೂಲಕ ಬಂದವು. ಡೇಟಾ ಇರುವುದು ಬ್ಯಾಲಾಳುವಿನ ಇಸ್ರೋ ಕೇಂದ್ರದಲ್ಲಿ.

ಇದರ ಕ್ಯಾಲಿಬ್ರೇಶನ್ ವೆಬ್‌ನದಕ್ಕಿಂತ ಪೂರ್ತಿ ಬೇರೆ, ನನ್ನ ಮಟ್ಟಿಗೆ ಅದಕ್ಕಿಂತ ರುಚಿ. ಇಲ್ಲಿ ಫೋಟಾನ್‌ಗಳನ್ನು ಒಂದೊಂದಾಗಿ ಎಣಿಸುತ್ತಾರೆ. ಡಿಟೆಕ್ಟರ್ ಸೆಕೆಂಡಿಗೆ ಸುಮಾರು 29 ಫ್ರೇಮ್ ತೆಗೆಯುತ್ತದೆ. ಒಂದು ಫ್ರೇಮಿನಲ್ಲಿ ಒಂದೇ ಜಾಗಕ್ಕೆ ಎರಡು ಫೋಟಾನ್ ಬಿದ್ದರೂ ಅದಕ್ಕೆ ಒಂದಾಗಿಯೇ ಕಾಣುತ್ತದೆ. ಹೊಳೆಯುವ ನಕ್ಷತ್ರದ ಲೆಕ್ಕ ಹೀಗೆ ಕಡಿಮೆ ಬೀಳುತ್ತದೆ. ಅದನ್ನು ಸರಿಪಡಿಸುವ ಉಪಾಯ ಸೊಗಸಾಗಿದೆ: ಖಾಲಿ ಫ್ರೇಮ್ ಎಷ್ಟು ಅಂತ ಎಣಿಸಿದರೆ ಸಾಕು. 100 ಫ್ರೇಮ್‌ಗಳಲ್ಲಿ 63ರಲ್ಲಿ ಫೋಟಾನ್ ಕಂಡು 37 ಖಾಲಿ ಇದ್ದರೆ, ಆಕಸ್ಮಿಕವಾಗಿ ಬೀಳುವ ಫೋಟಾನ್‌ಗಳಿಗೆ ಹೊಂದುವ ಪಾಯ್ಸಾನ್ ಲೆಕ್ಕದ ಪ್ರಕಾರ ನಿಜವಾಗಿ ಬಂದದ್ದು ಸುಮಾರು 100.

ಉಪಗ್ರಹ ಅಲುಗಾಡುತ್ತಲೂ ಇರುತ್ತದೆ. ಅದರ ಚಲನೆಯನ್ನು ಗೋಚರ ಬೆಳಕಿನ ಕ್ಯಾಮೆರಾದ ನಕ್ಷತ್ರಗಳಿಂದ ತಿಳಿದು, ಪ್ರತಿ ಫೋಟಾನನ್ನೂ ಅದರ ಜಾಗಕ್ಕೆ ಹಿಂದಕ್ಕೆ ಸರಿಸುತ್ತಾರೆ. ಆಮೇಲೆ ಸಿಗುವ ಚಿತ್ರದ ಸ್ಪಷ್ಟತೆ ಸುಮಾರು ಒಂದೂವರೆ ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3,600ನೇ ಒಂದು ಪಾಲು ಒಂದು ಆರ್ಕ್‌ಸೆಕೆಂಡ್). ಹೊಳಪಿನ ಅಳತೆಗೆ ಎಚ್‌ಜೆಡ್ 4 ಎಂಬ ಶ್ವೇತ ಕುಬ್ಜವನ್ನು ಬಳಸಿದರು. ಸೂಕ್ಷ್ಮತೆ ಕುಂದುತ್ತಿದೆಯೇ ಎಂದು ನೋಡಲು ಎನ್‌ಜಿಸಿ 188 ನಕ್ಷತ್ರಗುಚ್ಛಕ್ಕೆ ಮತ್ತೆ ಮತ್ತೆ ಹೋದರು.

ಸಾಫ್ಟ್‌ವೇರ್ ವಿಷಯದಲ್ಲಿ ಆಯ್ಕೆಗಳಿವೆ. ಅಧಿಕೃತ ಪೈಪ್‌ಲೈನ್ ಬಿಟ್ಟರೆ, ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಜೋ ಪೋಸ್ಟ್ಮಾ ಬರೆದ ಸಿಸಿಡಿಲ್ಯಾಬ್ ಬಹಳ ಬಳಕೆಯಲ್ಲಿದೆ. ಬೆಂಗಳೂರಿನ ಜಯಂತ್ ಮೂರ್ತಿ ಬರೆದ ಜೂಡ್ ಕೂಡ ಇದೆ. ಸಿಸಿಡಿಲ್ಯಾಬ್‌ನಲ್ಲಿ ಬಟನ್ ಒತ್ತುತ್ತಾ ಒಂದೊಂದು ಹಂತವನ್ನೂ ಕಣ್ಣಲ್ಲೇ ನೋಡಬಹುದು, ಕಲಿಯುವವರಿಗೆ ಅದೇ ಒಳ್ಳೆಯದು.

ಪೈಪ್‌ಲೈನ್‌ನಲ್ಲಿ ತಪ್ಪು ಕಂಡರೆ ಯಾರಿಗೆ ಹೇಳಬೇಕು?

ವೆಬ್, ಹಬಲ್ ಎರಡಕ್ಕೂ ಬಾಲ್ಟಿಮೋರ್ ಸಂಸ್ಥೆಯ ಹೆಲ್ಪ್ ಡೆಸ್ಕ್ ಇದೆ, ವಿದ್ಯಾರ್ಥಿಗಳೂ ಕೇಳಬಹುದು. ಕೋಡಿನ ದೋಷ ಎಂದು ಖಚಿತವಾದರೆ ಗಿಟ್‌ಹಬ್‌ನಲ್ಲಿ ಇಶ್ಯೂ ಹಾಕಿ. ಫೈಲ್ ಹೆಸರು, ಸಾಫ್ಟ್‌ವೇರ್ ಆವೃತ್ತಿ, ಪಿಮ್ಯಾಪ್ ಸಂಖ್ಯೆ, ಪೂರ್ತಿ ಎರರ್ ಸಂದೇಶ ಈ ನಾಲ್ಕನ್ನೂ ಮೊದಲ ಸಲವೇ ಬರೆಯಿರಿ. ಇಲ್ಲದಿದ್ದರೆ ಅವರ ಮೊದಲ ಉತ್ತರ ಅವನ್ನು ಕೇಳುವುದರಲ್ಲೇ ಮುಗಿಯುತ್ತದೆ.